ವಾಜಪೇಯಿಯೋ, ಸೋನಿಯಾರೋ?

ಲೋಕಸಭೆ ಚುನಾವಣೆ ಹತ್ತಿರವಾದಂತೆ ಹೋಟೆಲು, ಬಸ್ಸು, ಟಿ.ವಿ. ಸ್ಟುಡಿಯೊ ಎಲ್ಲ ಕಡೆಯೂ ಒಂದೇ ಮಾತು: ಈ ಸಲ ಯಾರು? ಎದುರಾಳಿ ನಾಯಕರಿಬ್ಬರನ್ನು ಅಕ್ಕಪಕ್ಕ ನಿಲ್ಲಿಸಿ, ಯಾರು ಚೆನ್ನಾಗಿ ಮಾತಾಡುತ್ತಾರೆ, ಯಾರ ಸಭೆಗೆ ಜನ ಸೇರುತ್ತಾರೆ ಎಂದು ತೂಗಿ ತೀರ್ಪು ಕೊಟ್ಟುಬಿಡುತ್ತೇವೆ. ಮಂಡ್ಯದ ಕಡೆ ಇದರ ಮೇಲೆ ಕುರಿ ಪಣಕ್ಕಿಡುವವರೂ ಉಂಟು. ಗೆಲ್ಲುವ ಸಾಧ್ಯತೆ ಎನ್ನುವುದು ನಾಯಕನಲ್ಲೇ ಇರುವ ಗುಣ ಎಂಬ ನಂಬಿಕೆ ಈ ತೀರ್ಪಿನ ಬುಡದಲ್ಲಿದೆ. ಅದು ಎಷ್ಟು ಗಟ್ಟಿ ಎಂದು ನೋಡಲು 2004ಕ್ಕಿಂತ ಒಳ್ಳೆಯ ಒರೆಗಲ್ಲಿಲ್ಲ.

2003ರ ಡಿಸೆಂಬರಿನಲ್ಲಿ ಬಿಜೆಪಿ ಮಧ್ಯಪ್ರದೇಶ, ರಾಜಸ್ಥಾನ, ಛತ್ತೀಸಗಢಗಳನ್ನು ಗೆದ್ದಿತ್ತು. ಆ ಹುಮ್ಮಸ್ಸಿನಲ್ಲಿ ಅವಧಿಗೆ ಮುನ್ನವೇ ಲೋಕಸಭೆ ವಿಸರ್ಜನೆಯಾಯಿತು. ಎಲ್ಲೆಲ್ಲೂ 'ಇಂಡಿಯಾ ಶೈನಿಂಗ್' ಜಾಹೀರಾತು. ಒಂದು ಕಡೆ ಮಾತಿನ ಮೋಡಿಗೆ ಹೆಸರಾದ ಪ್ರಧಾನಿ ವಾಜಪೇಯಿ. ಇನ್ನೊಂದು ಕಡೆ ಬರೆದುಕೊಂಡು ಹಿಂದಿ ಓದುವ, ವಿದೇಶಿ ಮೂಲದ ಟೀಕೆ ಹೊತ್ತ ಕಾಂಗ್ರೆಸ್ಸಿನ ಸೋನಿಯಾ. ವಾಜಪೇಯಿಯೇ ಗೆಲ್ಲುತ್ತಾರೆ ಎಂಬುದರಲ್ಲಿ ಹೆಚ್ಚಿನವರಿಗೆ ಅನುಮಾನವಿರಲಿಲ್ಲ. ಮೇ 13ರಂದು ಎಣಿಕೆ ಮುಗಿದಾಗ ಕಾಂಗ್ರೆಸ್ 145, ಬಿಜೆಪಿ 138.

ಹಾಗಾದರೆ ದೇಶ ಸೋನಿಯಾರತ್ತ ಹೊರಳಿತೇ? ಅಂಕಿಗಳು ಹಾಗೆ ಹೇಳುವುದಿಲ್ಲ. 1999ರಲ್ಲಿ ಕಾಂಗ್ರೆಸ್ಸಿಗೆ ಸುಮಾರು ಶೇ 28 ಮತ ಬಂದಿತ್ತು, ಸೀಟು 114. 2004ರಲ್ಲಿ ಮತ ಶೇ 26.5ಕ್ಕೆ ಇಳಿಯಿತು, ಸೀಟು ಮಾತ್ರ 31 ಹೆಚ್ಚಿತು! ತಮಿಳುನಾಡನ್ನು ನೋಡಿದರೆ ಗುಟ್ಟು ಅರ್ಥವಾಗುತ್ತದೆ. 1999ರಲ್ಲಿ ವಾಜಪೇಯಿ ಜೊತೆಗಿದ್ದ ಡಿಎಂಕೆ 2003ರ ಕೊನೆಗೆ ಹೊರನಡೆದು ಕಾಂಗ್ರೆಸ್ ಕೈಹಿಡಿಯಿತು. ಅಲ್ಲಿನ 39ಕ್ಕೆ 39 ಸ್ಥಾನವೂ ಆ ಕೂಟದ ಪಾಲಾಯಿತು. ಮಧುರೆಯ ಮತದಾರನ ಕಣ್ಣಲ್ಲಿ ವಾಜಪೇಯಿ ಕುಗ್ಗಿದ್ದರೆಂದಲ್ಲ, ಡಿಎಂಕೆಯ ಕರುಣಾನಿಧಿ ಮಗ್ಗುಲು ಬದಲಿಸಿದ್ದರು. ನಾಯಕರ ಮುಖದಲ್ಲಿ ನಾವು ಹುಡುಕುತ್ತಿದ್ದ ಸಾಧ್ಯತೆಯ ದೊಡ್ಡ ಪಾಲು ಸೀಟು ಹೊಂದಾಣಿಕೆಯಲ್ಲಿ ಅಡಗಿತ್ತು.

ಕಣ್ಣಾರೆ ಕಂಡದ್ದೂ ಇಲ್ಲಿ ಕೈಕೊಡುತ್ತದೆ. ಅದೇ ಚುನಾವಣೆಯಲ್ಲಿ ಕರ್ನಾಟಕದ 28ರಲ್ಲಿ 18 ಬಿಜೆಪಿಗೆ ಬಂದವು. 'ಗಾಳಿ ಬಿಜೆಪಿ ಕಡೆಗಿದೆ' ಎಂದ ಹುಬ್ಬಳ್ಳಿಯವರ ಮಾತು ಹುಬ್ಬಳ್ಳಿಯ ಮಟ್ಟಿಗೆ ದಿಟವೇ. ಅದನ್ನು ದೇಶಕ್ಕೆ ಹಿಗ್ಗಿಸಿದ್ದರೆ ಸುಳ್ಳು. ಇಷ್ಟಕ್ಕೂ ವಾಜಪೇಯಿ ಹೆಸರು ಲಖನೌದ ಮತಯಂತ್ರದಲ್ಲಿ ಮಾತ್ರ ಇತ್ತು, ಸೋನಿಯಾ ಹೆಸರು ರಾಯಬರೇಲಿಯಲ್ಲಿ ಮಾತ್ರ. ಕೊನೆಗೆ ಪ್ರಧಾನಿಯಾದವರು ಇಬ್ಬರೂ ಅಲ್ಲ. ಸೋನಿಯಾ ಹುದ್ದೆ ಬೇಡವೆಂದರು. ಮೇ 22ರಂದು ಪ್ರಮಾಣವಚನ ಸ್ವೀಕರಿಸಿದ್ದು ರಾಜ್ಯಸಭೆಯ ಸದಸ್ಯ ಮನಮೋಹನ್ ಸಿಂಗ್. ತಿಂಗಳುಗಟ್ಟಲೆ 'ಅವರೋ ಇವರೋ' ಎಂದು ಚರ್ಚಿಸಿದ ಪ್ರಶ್ನೆಯ ಉತ್ತರ ಆ ಪ್ರಶ್ನೆಯೊಳಗೇ ಇರಲಿಲ್ಲ.

ಅದು ಹಳೆಯ ಕಾಲ, ಈಗ ನಾಯಕನ ಹೆಸರಿಗೇ ವೋಟು ಬೀಳುತ್ತದೆ ಎಂದು ವಾದಿಸಬಹುದು. ವಾದದಲ್ಲಿ ಹುರುಳಿದೆ. 2014ರಲ್ಲಿ ಬಿಜೆಪಿಗೆ 282 ಸೀಟು ತಂದದ್ದರಲ್ಲಿ ಮೋದಿಯವರ ಹೆಸರಿನ ಪಾಲನ್ನು ಯಾರೂ ಅಲ್ಲಗಳೆಯಲಾರರು. ಆದರೆ ಆ 282 ಬಂದದ್ದು ಶೇ 31 ಮತದಿಂದ. ಉಳಿದ ಶೇ 69 ಹತ್ತಾರು ಕಡೆ ಚೆದುರಿದ್ದೂ ಗೆಲುವಿನ ಇನ್ನೊಂದು ಅರ್ಧ. 2024ರಲ್ಲಿ ಸಂಖ್ಯೆ 240ಕ್ಕೆ ನಿಂತಾಗ ಬಹುಮತಕ್ಕೆ ತೆಲುಗುದೇಶಂನ 16, ಜೆಡಿಯುನ 12 ಬೇಕಾದವು. ಆ ಜೆಡಿಯುನ ನಿತೀಶ್ ಕುಮಾರ್ ಹಿಂದಿನ ವರ್ಷದ ಜೂನ್‌ನಲ್ಲಿ ಪಟ್ನಾದಲ್ಲಿ ವಿರೋಧ ಪಕ್ಷಗಳ ಮೊದಲ ಸಭೆ ಕರೆದಿದ್ದವರು! ನಾಯಕನ ವರ್ಚಸ್ಸು ಸುಳ್ಳಲ್ಲ. ಅದೊಂದೇ ಅಳತೆಗೋಲಾಗುವುದು ಸುಳ್ಳು.

ಹಾಗೆಂದು ಊಹೆಯನ್ನೇ ಬಿಡಬೇಕೆ? ಬಿಡಲಾಗದು, ಬಿಡಲೂಬಾರದು. ಆದರೆ ಮಳೆ ಬರುತ್ತದೆಂದು ಹೇಳಿದ ಮಾತ್ರಕ್ಕೆ ಮೋಡ ಚದುರುವುದಿಲ್ಲ. ಚುನಾವಣೆಯ ಭವಿಷ್ಯವಾಣಿ ಹಾಗಲ್ಲ, ಅದನ್ನು ಕೇಳಿಸಿಕೊಂಡವರೇ ಫಲಿತಾಂಶ ಬರೆಯುವವರು. 2004ರಲ್ಲಿ ಒಂದು ಹಂತ ಮುಗಿದ ಕೂಡಲೇ ಮತಗಟ್ಟೆ ಸಮೀಕ್ಷೆ ಟಿ.ವಿ.ಯಲ್ಲಿ ಬರುತ್ತಿತ್ತು. ಮುಂದೆ ಜನಪ್ರತಿನಿಧಿ ಕಾಯ್ದೆಗೆ 126ಎ ಕಲಂ ಸೇರಿಸಿ, ಕೊನೆಯ ಹಂತದವರೆಗೂ ಅದನ್ನು ನಿಷೇಧಿಸಿದ್ದು ಈ ಕಾರಣಕ್ಕೇ. ಊಹೆ ಬರಿಯ ಅಭಿಪ್ರಾಯವಲ್ಲ, ಒಂದು ಕೃತ್ಯ ಎಂದು ಕಾನೂನೂ ಒಪ್ಪಿದಂತಾಯಿತು.

ಆದ್ದರಿಂದ ಊಹೆಗೊಂದು ಎಲ್ಲೆ ಬೇಕು. ನಮ್ಮ ಕ್ಷೇತ್ರದಲ್ಲಿ ನಿಜವಾದ ಪೈಪೋಟಿ ಯಾರ್‍ಯಾರ ನಡುವೆ ಎಂದು ಅಳೆಯುವುದು ಮತದಾರನ ಕೆಲಸವೇ. ಅದು ತಿಳಿಯಬಹುದಾದ ಸಂಗತಿ, ವೋಟು ಹಾಕಲು ಉಪಯೋಗಕ್ಕೂ ಬರುತ್ತದೆ. ದಿಲ್ಲಿಯ ಗದ್ದುಗೆ ಯಾರದೆಂಬ ಊಹೆಗೆ ಈ ಎರಡು ಗುಣಗಳೂ ಇಲ್ಲ. ಆದರೂ 'ಹೇಗೂ ಅವರೇ ಬರೋದು' ಎಂಬ ಒಂದು ಮಾತಿಗೆ ಯೋಗ್ಯ ಅಭ್ಯರ್ಥಿಯನ್ನು ಕೈಬಿಡುವವರಿದ್ದಾರೆ, ಮತಗಟ್ಟೆಗೇ ಹೋಗದವರಿದ್ದಾರೆ. ಯಾರು ಗೆಲ್ಲುತ್ತಾರೆ ಎಂದು ಮತಯಂತ್ರ ಯಾರನ್ನೂ ಕೇಳುವುದಿಲ್ಲ. ಯಾರು ಗೆಲ್ಲಬೇಕು ಎಂದಷ್ಟೇ ಕೇಳುತ್ತದೆ. ಅದಕ್ಕೆ ಉತ್ತರಿಸಲು ಸಮೀಕ್ಷೆಯ ಅಪ್ಪಣೆ ಬೇಕಿಲ್ಲ.