ದೇವರ ಗೊಜ್ಜಿಗೆ ಹುಳಿ ಎಷ್ಟು?

ಮೇಲುಕೋಟೆಗೆ ಹೋಗಿ ಬಂದವರನ್ನು ಮಂಡ್ಯ ಸೀಮೆಯಲ್ಲಿ ಮೊದಲು ಕೇಳುವುದು ದರ್ಶನ ಚೆನ್ನಾಗಾಯಿತೇ ಎಂದು, ಆಮೇಲೆ ಪುಳಿಯೋಗರೆ ತಂದಿರಾ ಎಂದು. ಈ ಕ್ರಮ ತಿರುಗುಮುರುಗಾಗುವುದೂ ಉಂಟು. ಪಾಂಡವಪುರ ತಾಲ್ಲೂಕಿನ ಈ ಬೆಟ್ಟದೂರಿನಲ್ಲಿ ಚೆಲುವನಾರಾಯಣನ ಹೆಸರು ಎಷ್ಟು ದೂರ ಹೋಗಿದೆಯೋ ಹುಣಸೆ ಗೊಜ್ಜಿನ ಹೆಸರೂ ಹೆಚ್ಚುಕಡಿಮೆ ಅಷ್ಟೇ ದೂರ ಹೋಗಿದೆ.

ಆದರೆ ಶಾಸ್ತ್ರ ಓದಿದವರಿಗೆ ಇಲ್ಲೊಂದು ತೊಡಕು ಎದುರಾಗುತ್ತದೆ. ಭಗವದ್ಗೀತೆಯ 17ನೆಯ ಅಧ್ಯಾಯ ಆಹಾರವನ್ನು ಮೂರು ಗುಣಗಳಿಗೆ ಹಂಚುತ್ತದೆ. ರಸವತ್ತಾದದ್ದು, ಜಿಡ್ಡುಳ್ಳದ್ದು, ಮನಸ್ಸಿಗೆ ಹಿತವಾದದ್ದು ಸಾತ್ತ್ವಿಕರ ಪಾಲಿಗೆ. ಕಟು, ಹುಳಿ, ಉಪ್ಪು, ಸುಡುವ ಬಿಸಿ, ಇವು ರಾಜಸರ ಪಾಲಿಗೆ. ಇಂಥ ಊಟ ದುಃಖವನ್ನೂ ರೋಗವನ್ನೂ ತರುತ್ತದೆ ಎಂಬ ಎಚ್ಚರಿಕೆ ಬೇರೆ. ಪುಳಿಯೋಗರೆಯಲ್ಲಿ ಹುಳಿ, ಉಪ್ಪು, ಖಾರ ಮೂರೂ ಕೂಡಿವೆ. ಹಾಗಾದರೆ ಸಾತ್ತ್ವಿಕನಾಗಲು ಹೊರಟ ಭಕ್ತ ದೇವರ ಮುಂದಿಡುವುದು ರಾಜಸದ ತಟ್ಟೆಯನ್ನೇ?

ಈ ಪ್ರಶ್ನೆಗೆ ಭಾಷ್ಯಕಾರರಲ್ಲಿ ಸುಲಭದ ಉತ್ತರ ಕೊಡುವವರು ಶಂಕರರು. ಆ ಶ್ಲೋಕದಲ್ಲಿ ಬಿಸಿಗೆ ಅಂಟಿಕೊಂಡಿರುವ ‘ಅತಿ’ಯನ್ನು ಉಳಿದ ಎಲ್ಲಕ್ಕೂ ಹಚ್ಚಿಕೊಳ್ಳಬೇಕೆಂದು ಅವರು ಹೇಳುತ್ತಾರೆ. ಅಂದರೆ ಹುಳಿ ತಪ್ಪಲ್ಲ, ಅತಿಹುಳಿ ತಪ್ಪು. ರಾಮಾನುಜರ ಗೀತಾಭಾಷ್ಯ ಇಷ್ಟು ಧಾರಾಳವಲ್ಲ. ಅಲ್ಲಿ ಹುಳಿಗೆ ಹುಳಿರಸ ಎಂಬಷ್ಟೇ ಅರ್ಥ, ‘ಅತಿ’ಯ ರಿಯಾಯಿತಿ ಇಲ್ಲ. ತಮಾಷೆಯೆಂದರೆ, ಪುಳಿಯೋಗರೆ ಬೆಳಗಿದ್ದು ಶಂಕರರ ಶೃಂಗೇರಿಯಲ್ಲಲ್ಲ, ರಾಮಾನುಜರು ನೆಲೆಸಿದ್ದ ಮೇಲುಕೋಟೆಯಲ್ಲಿ. 1017ರಲ್ಲಿ ಹುಟ್ಟಿದರೆನ್ನುವ ಆಚಾರ್ಯರು ಚೋಳರ ಕಾಟಕ್ಕೆ ಶ್ರೀರಂಗ ಬಿಟ್ಟು ಹೊಯ್ಸಳ ನಾಡಿಗೆ ಬಂದು, ತೊಂಡನೂರಿನಲ್ಲಿ ವಿಷ್ಣುವರ್ಧನನ ಆಶ್ರಯ ಪಡೆದು, ಮೇಲುಕೋಟೆಯಲ್ಲಿ ಹನ್ನೆರಡು ವರ್ಷ ಇದ್ದರೆಂದು ಸಂಪ್ರದಾಯ ನಂಬುತ್ತದೆ.

ಗುರುವಿನ ಊರಲ್ಲೇ ಗುರುವಿನ ಭಾಷ್ಯಕ್ಕೆ ತಿರುಮಂತ್ರವೇ? ಹಾಗೇನೂ ಇಲ್ಲ. ಉತ್ತರ ಅವರದೇ ಇನ್ನೊಂದು ಗ್ರಂಥದಲ್ಲಿದೆ. ಶ್ರೀಭಾಷ್ಯದ ಆರಂಭದಲ್ಲಿ ಅವರು ಭಕ್ತಿಗೆ ಬೇಕಾದ ಏಳು ಸಾಧನಗಳನ್ನು ಹೇಳುವಾಗ ಮೊದಲಿಗೆ ಇಡುವುದು ವಿವೇಕವನ್ನು. ಇಲ್ಲಿ ವಿವೇಕವೆಂದರೆ ಬುದ್ಧಿವಂತಿಕೆಯಲ್ಲ, ಊಟದ ಶುದ್ಧಿ. ಆಹಾರ ಶುದ್ಧವಾದರೆ ಅಂತಃಕರಣ ಶುದ್ಧವಾಗುತ್ತದೆ ಎಂಬ ಛಾಂದೋಗ್ಯ ಉಪನಿಷತ್ತಿನ ಮಾತು ಇದರ ಬೆನ್ನಿಗಿದೆ. ಆಹಾರಕ್ಕೆ ಬರುವ ದೋಷ ಮೂರು ಬಗೆ. ಪದಾರ್ಥದ ಹುಟ್ಟಿನಲ್ಲೇ ಇರುವುದು ಜಾತಿದೋಷ, ಬೆಳ್ಳುಳ್ಳಿಯಂಥದ್ದು ಈ ಸಾಲಿನದು. ಯಾರದು, ಯಾರ ಕೈಯಿಂದ ಬಂತು ಎಂಬುದರಿಂದ ತಟ್ಟುವುದು ಆಶ್ರಯದೋಷ. ಎಂಜಲು, ಕೂದಲು ಬಿದ್ದು ಕೆಡುವುದು ನಿಮಿತ್ತದೋಷ. ಈ ಮೂರರಲ್ಲಿ ರುಚಿಯ ಸುದ್ದಿಯೇ ಇಲ್ಲ. ಹುಣಸೆಗೆ ಹುಟ್ಟಿನ ದೋಷವಿಲ್ಲ. ಶುದ್ಧವಾದ ಕೈ, ಎಂಜಲಾಗದ ಪಾತ್ರೆ ಇದ್ದರೆ ಗೊಜ್ಜಿಗೆ ಬಾಗಿಲು ತೆರೆದೇ ಇದೆ. (ಆಶ್ರಯದೋಷದ ಹೆಸರಲ್ಲಿ ಎಷ್ಟು ಜನರನ್ನು ಅಡುಗೆಮನೆಯ ಹೊರಗೆ ನಿಲ್ಲಿಸಲಾಯಿತು ಎಂಬುದು ಪ್ರತ್ಯೇಕ ಲೇಖನದ, ಇಷ್ಟು ರುಚಿಯಲ್ಲದ, ವಿಷಯ.)

ಹುಳಿಯಲ್ಲೂ ಎರಡು ಜಾತಿ ಮಾಡಿದ್ದು ಮನುಸ್ಮೃತಿ. ಅದರ ಐದನೆಯ ಅಧ್ಯಾಯ, ಹೊತ್ತು ಕಳೆದು ತಾನಾಗಿ ಹುಳಿತ ಪದಾರ್ಥಗಳನ್ನು ‘ಶುಕ್ತ’ವೆಂದು ದೂರವಿಟ್ಟು, ಮೊಸರಿಗೂ ಮೊಸರಿನಿಂದಾದದ್ದಕ್ಕೂ ವಿನಾಯಿತಿ ಕೊಡುತ್ತದೆ. ಹುಣಸೆ, ನಿಂಬೆ, ಮಾವಿನಕಾಯಿ ಹುಟ್ಟಿನಿಂದಲೇ ಹುಳಿ, ಕೊಳೆತು ಹುಳಿಯಾದವಲ್ಲ. ಫ್ರೆಂಚರು ಹಸಿ ಸೊಪ್ಪಿಗೆ ಕಲಸುವ ರಸಕ್ಕೆ ಹುಳಿ ಕೊಡುವುದು ಹುದುಗಿದ ದ್ರಾಕ್ಷಿರಸದ ವಿನೆಗರ್. ಈ ಲೆಕ್ಕದಲ್ಲಿ ಅದು ಶುದ್ಧಾಂಗ ಶುಕ್ತ. ನಮ್ಮ ಕೋಸಂಬರಿ ನಿಂಬೆಹಣ್ಣಿಗೇ ನಿಂತಿತು. ಹಾಗೆಂದು ನಿಯಮ ಕಬ್ಬಿಣದ್ದೇನಲ್ಲ. ರಾಮಾನುಜರು ಎಳವೆಯಲ್ಲಿ ಸೇವೆ ಮಾಡಿದ ಕಂಚಿಯ ವರದರಾಜನಿಗೆ ಹುಳಿಸಿದ ಹಿಟ್ಟಿನ ಇಡ್ಲಿಯೇ ನೈವೇದ್ಯ. ದೇವರಿಗೆ ಇಷ್ಟ ಎಂದಾದ ಮೇಲೆ ಸ್ಮೃತಿಕಾರರ ಮಾತನ್ನು ಕೇಳುವವರು ಯಾರು?

ಇನ್ನು ಗೊಜ್ಜಿನ ಹುಳಿಗೆ ಜೊತೆಯಾಗುವ ಬೆಲ್ಲದ ಸಿಹಿಯ ಕಡೆ. ಮಂಡ್ಯದ ಸಿಹಿಗೆ ಕನ್ನಂಬಾಡಿಯೇ ತಾಯಿ. 1911ರಲ್ಲಿ ಶುರುವಾಗಿ 1930ರ ದಶಕದ ಆರಂಭಕ್ಕೆ ಮುಗಿದ ಅಲ್ಲಿನ ಕೆ.ಆರ್.ಎಸ್. ಅಣೆಕಟ್ಟೆ, ಅದರಿಂದ ಹೊರಟ ಇರ್ವಿನ್ ನಾಲೆ (ಈಗಿನ ವಿಶ್ವೇಶ್ವರಯ್ಯ ನಾಲೆ), ಅದರ ಹಿಂದೆಯೇ ಬಂದ ಮೈಸೂರು ಸಕ್ಕರೆ ಕಂಪನಿ, ಇವೆಲ್ಲ ಸೇರಿ ರಾಗಿಯ ಬಯಲನ್ನು ಕಬ್ಬಿನ ಬಯಲು ಮಾಡಿದವು. ಕಬ್ಬು ಬಂದ ಮೇಲೆ ಆಲೆಮನೆ, ಆಲೆಮನೆಯಿಂದ ಬೆಲ್ಲದ ಅಚ್ಚು. ನಾಲೆಯ ನೀರು ಹತ್ತದ ನಾಗಮಂಗಲದ ಕಡೆಗೆ ನಡೆದರೆ ನೋಟ ಬದಲಾಗುತ್ತದೆ: ಮಳೆ ನಂಬಿದ ಹೊಲ, ರಾಗಿ, ಹುರುಳಿ, ಬದುವಿನ ಮೇಲೊಂದು ಹುಣಸೆ ಮರ. ಹುಣಸೆಗೆ ನಾಲೆ ಬೇಡ. ಒಂದೇ ಬಾಣಲೆಯಲ್ಲಿ ಸೇರುವ ಈ ಎರಡರಲ್ಲಿ ಒಂದು ನೀರಾವರಿಯದು, ಇನ್ನೊಂದು ಬೆದ್ದಲಿನದು.

ಬೆಲ್ಲ ಹಾಕಿದಾಗ ಹುಳಿಗೆ ಏನಾಗುತ್ತದೆ? ಹುಳಿ ಸಾಯುತ್ತದೆ ಎಂದುಕೊಳ್ಳುವವರೇ ಹೆಚ್ಚು. ಹುಣಸೆಯ ಹುಳಿ ಟಾರ್ಟಾರಿಕ್ ಆಮ್ಲದ್ದು. ಬೆಲ್ಲದ ಉಂಡೆ ಬಿದ್ದ ಮಾತ್ರಕ್ಕೆ ಅದು ಎಲ್ಲಿಗೂ ಹೋಗುವುದಿಲ್ಲ, ಬಾಣಲೆಯಲ್ಲಿ ಇದ್ದಷ್ಟೇ ಇರುತ್ತದೆ. ತಗ್ಗುವುದು ನಾಲಿಗೆಗೆ ಅದರ ಅರಿವು ಮಾತ್ರ. ಸಿಹಿ ಹುಳಿಯನ್ನು, ಹುಳಿ ಸಿಹಿಯನ್ನು ಪರಸ್ಪರ ಅದುಮಿಡುತ್ತವೆ. ಇದನ್ನೇ ಹಿಡಿದು ವಿಶಿಷ್ಟಾದ್ವೈತಕ್ಕೊಂದು ದೃಷ್ಟಾಂತ ಹೊಸೆಯುವ ಚಪಲ ಪ್ರವಚನಕಾರರಿಗೆ ಬಂದೀತು. ಬೇಡ, ಬೆಲ್ಲವೇನೂ ಹುಣಸೆಯ ಅಂತರ್ಯಾಮಿಯಲ್ಲ. ಆದರೆ ಒಂದು ಮಾತು ಸ್ಪಷ್ಟ: ಹುಳಿ ‘ಅತಿ’ಯಾಯಿತೋ ಇಲ್ಲವೋ ಎಂದು ತೀರ್ಮಾನಿಸುವುದು ಪದಾರ್ಥವಲ್ಲ, ನಾಲಿಗೆ. ನಿಜವಾದ ಕಗ್ಗಂಟು ಇರುವುದೂ ಇಲ್ಲೇ. ದೇವರ ಅಡುಗೆಯಲ್ಲಿ ನಾಲಿಗೆಗೆ ಪ್ರವೇಶವಿಲ್ಲ.

ಮಡಪಳ್ಳಿಯಲ್ಲಿ, ಅಂದರೆ ದೇವಸ್ಥಾನದ ಅಡುಗೆಮನೆಯಲ್ಲಿ, ನೈವೇದ್ಯದ ತಳಿಗೆ ಮಾಡುವವರು ರುಚಿ ನೋಡುವಂತಿಲ್ಲ. ಹಬ್ಬದ ದಿನ ಮನೆಯ ಮಡಿ ಅಡುಗೆಗೂ ಇದೇ ಕಟ್ಟಳೆ. ನೋಡಿದರೆ ಅದು ಎಂಜಲು, ರಾಮಾನುಜರು ಎಣಿಸಿದ ಮೂರನೆಯ ದೋಷ. ಹಾಗಾದರೆ ಅಂದಾಜು ಹೇಗೆ? ಗೊಜ್ಜು ಮಾಡುವವರ ಕೈ ನೋಡಬೇಕು. ಹುಣಸೆಯನ್ನು ಬಿಸಿನೀರಲ್ಲಿ ನೆನೆಸಿ, ಹಿಂಡಿ, ನಾರು ಬೀಜ ತೆಗೆದ ರಸ ಮೊದಲು ತೆಳ್ಳಗೆ ಕೊತಕೊತ ಕುದಿಯುತ್ತದೆ. ಅರಿಸಿನ, ಉಪ್ಪು, ಬೆಲ್ಲ ಬಿದ್ದು ನೀರು ಬತ್ತುತ್ತಾ ಬಂದಂತೆ ಆ ಸದ್ದು ಬದಲಾಗಿ, ಗುಳ್ಳೆ ದಪ್ಪವಾಗಿ ಒಡೆಯತೊಡಗುತ್ತದೆ. ಹಸಿ ವಾಸನೆ ಹೋಗಿ ಮೂಗಿಗೆ ಬೇರೆಯದೇ ಘಮ ಬಡಿಯುತ್ತದೆ. ಹುರಿದು ಕುಟ್ಟಿದ ಧನಿಯ, ಮೆಂತ್ಯ, ಜೀರಿಗೆ, ಎಳ್ಳಿನ ಪುಡಿ ಸೇರಿ, ಒಗ್ಗರಣೆಯ ಒಳ್ಳೆಣ್ಣೆ ಗೊಜ್ಜನ್ನು ಬಿಟ್ಟು ಅಂಚಿಗೆ ತೇಲಿ ನಿಂತಾಗ ಒಲೆಯಿಂದ ಇಳಿಸಬೇಕು. ಉಪ್ಪು ಹಿಡಿಯ ಲೆಕ್ಕ, ಬೆಲ್ಲ ಕಣ್ಣಿನ ಲೆಕ್ಕ, ಪಾಕ ಕಿವಿಯ ಮತ್ತು ಮೂಗಿನ ಲೆಕ್ಕ. ಹೀಗೆ ಆಮ್ಲ, ಉಪ್ಪು, ಎಣ್ಣೆ ಕೂಡಿ ನೀರು ಬತ್ತಿದ ಗೊಜ್ಜು ಬೇಗ ಕೆಡುವುದೂ ಇಲ್ಲ. ಅಂದಹಾಗೆ, ಇಂದು ಗೊಜ್ಜಿಗೆ ಬೀಳುವ ಒಣಮೆಣಸಿನಕಾಯಿಯೂ ಕಡಲೆಕಾಯಿಬೀಜವೂ ಅಮೆರಿಕ ಖಂಡದಿಂದ ಪೋರ್ಚುಗೀಸರ ಕಾಲದಲ್ಲಿ ಬಂದವು. ರಾಮಾನುಜರ ಕಾಲದ ಅಡುಗೆಗೆ ಖಾರ ಬೇಕಿದ್ದರೆ ಕರಿಮೆಣಸೇ ಗತಿ. ಶ್ರಾದ್ಧದ ಅಡುಗೆಯಲ್ಲಿ ಈಗಲೂ ಎಷ್ಟೋ ಮನೆಗಳಲ್ಲಿ ಅದೇ ನಡೆದಿದೆ.

ರುಚಿ ನೋಡದೆ ಅಡುವುದರ ಹಿಂದಿನ ವಾದ ಸರಳ: ಇದು ನನ್ನ ಊಟವಲ್ಲ, ಮೊದಲ ತುತ್ತು ನನ್ನದಲ್ಲ. ಗೀತೆಯ ವರ್ಗೀಕರಣವೂ ಯಾವ ಗುಣದವರಿಗೆ ಯಾವ ಆಹಾರ ಪ್ರಿಯ ಎಂಬುದರ ಮೇಲೆ ನಿಂತಿದೆ. ಅದು ತಿನ್ನುವವನ ಬಯಕೆಯ ಪಟ್ಟಿ. ಅಡುವವರ ಬಯಕೆಯನ್ನೇ ಅಡುಗೆಮನೆಯಿಂದ ಆಚೆಗಿಟ್ಟ ಮೇಲೆ ಹುಳಿಗೆ ರಜಸ್ಸು ಅಂಟುವುದು ಎಲ್ಲಿಂದ? ಮೇಲುಕೋಟೆಯ ಪದ್ಧತಿ ಭಾಷ್ಯವನ್ನು ಮೀರದೆ ಅದರ ಪಕ್ಕದಲ್ಲೇ ದಾರಿ ಮಾಡಿಕೊಂಡದ್ದು ಹೀಗೆ ಎನ್ನಬಹುದು.

ಶಬರಿ ಇದಕ್ಕೆ ಒಪ್ಪುವವಳಲ್ಲ. ಜನ ಹೇಳುವ ಕಥೆಯಲ್ಲಿ ಆಕೆ ಒಂದೊಂದೇ ಎಲಚಿ ಹಣ್ಣನ್ನು ಕಚ್ಚಿ, ಹುಳಿಯನ್ನು ಎಸೆದು, ಸಿಹಿಯನ್ನು ರಾಮನಿಗೆ ಎತ್ತಿಡುತ್ತಾಳೆ. ವಾಲ್ಮೀಕಿಯಲ್ಲಿ ಈ ಕಚ್ಚುವ ಪ್ರಸಂಗವಿಲ್ಲ. ಅಲ್ಲಿ ಆಕೆ ಕಾಡಿನ ಫಲಗಳನ್ನು ಕೂಡಿಟ್ಟಿದ್ದಾಳೆ, ಅಷ್ಟೆ. ಆದರೂ ಜನರ ಮನಸ್ಸಿನಲ್ಲಿ ನಿಂತದ್ದು ಎಂಜಲು ಮಾಡಿದ ಶಬರಿಯೇ. ಪ್ರೀತಿಯಿದ್ದವರು ರುಚಿ ನೋಡದೆ ಕೊಟ್ಟಾರೆಯೇ ಎಂಬುದು ಆ ಕಥೆಯ ಪಟ್ಟು.

ಶರಣರು ಇನ್ನೂ ಮುಂದೆ ಹೋದರು. ಷಟ್‌ಸ್ಥಲದ ಲೆಕ್ಕದಲ್ಲಿ ನಾಲಿಗೆಯಲ್ಲಿ ನೆಲೆಸಿರುವುದು ಗುರುಲಿಂಗ, ಅದಕ್ಕೆ ಸಲ್ಲುವ ಅರ್ಪಿತ ರುಚಿ. ಮೂಗಿನ ಗಂಧ ಆಚಾರಲಿಂಗಕ್ಕೆ, ಕಣ್ಣಿನ ರೂಪ ಶಿವಲಿಂಗಕ್ಕೆ. ಈ ದಾರಿಯಲ್ಲಿ ಮೊದಲು ದೇವರು, ಆಮೇಲೆ ನಾಲಿಗೆ ಎಂಬ ಸರದಿಯೇ ಬಿದ್ದುಹೋಗುತ್ತದೆ. ಹುಳಿ ನಾಲಿಗೆಗೆ ತಾಗಿದ ಗಳಿಗೆಯೇ ನೈವೇದ್ಯದ ಗಳಿಗೆ. ಮಡಪಳ್ಳಿಯಲ್ಲಿ ತಡೆಯಾದ ನಾಲಿಗೆ ಇಲ್ಲಿ ಗರ್ಭಗುಡಿಯೇ ಆಗುತ್ತದೆ. ತತ್ತ್ವದ ದೃಷ್ಟಿಯಿಂದ ಇದು ಹೆಚ್ಚು ಧೈರ್ಯದ ನಿಲುವು, ಆಚರಣೆಗೆ ಹೆಚ್ಚು ಕಷ್ಟದ್ದು. ತುತ್ತುತುತ್ತಿಗೂ ಎಚ್ಚರವಿರಬೇಕು.

ರುಚಿಯ ಬಗ್ಗೆ ಇನ್ನೊಂದು ನಿಲುವು ಕಾಣಲು ಕೆ.ಆರ್. ಪೇಟೆಯಿಂದ ಆಚೆಗೆ, ಜೈನರ ಶ್ರವಣಬೆಳಗೊಳಕ್ಕೆ ಹೋಗಬೇಕು. ಜೈನರ ತಪಸ್ಸುಗಳಲ್ಲಿ ರಸಪರಿತ್ಯಾಗವೇ ಒಂದು: ಹಾಲು, ಮೊಸರು, ತುಪ್ಪ, ಎಣ್ಣೆ, ಬೆಲ್ಲ, ಉಪ್ಪು ಇವುಗಳಲ್ಲಿ ಒಂದನ್ನೋ ಹಲವನ್ನೋ ಬಿಡುವುದು. ಬೇಳೆಗೆ ಹಸಿ ಮೊಸರು ಬೆರೆಸುವುದೂ ‘ದ್ವಿದಳ’ವೆಂದು ವರ್ಜ್ಯ, ಮೊಸರು ಹಾಕಿದ ಕೋಸಂಬರಿ ಅಲ್ಲಿ ಎಲೆಗೆ ಬರುವುದೇ ಇಲ್ಲ. ಅಲ್ಲಿನ ಆತಂಕ ಮೈಲಿಗೆಯದಲ್ಲ, ಜೀವಹಿಂಸೆಯದು.

ರುಚಿ ನೋಡದಿರುವ ನಿಯಮದ ಮೇಲೆ ಕರಿನೆರಳು ಬಿದ್ದದ್ದು 2018ರ ಡಿಸೆಂಬರ್ 14ರಂದು. ಚಾಮರಾಜನಗರ ಜಿಲ್ಲೆಯ ಸುಳ್ವಾಡಿಯ ಕಿಚ್ಚುಗುತ್ತಿ ಮಾರಮ್ಮನ ಗುಡಿಯಲ್ಲಿ ಪ್ರಸಾದಕ್ಕೆ ಕೀಟನಾಶಕ ಬೆರೆಸಲಾಗಿತ್ತು. 17 ಜನ ಸತ್ತರು. ಪ್ರಸಾದವನ್ನು ಅನುಮಾನಿಸಬಾರದು ಎಂಬ ನಂಬಿಕೆಯೇ ಅಂದು ಭಕ್ತರ ಪ್ರಾಣಕ್ಕೆ ಮುಳುವಾಯಿತು. ಆ ಬಳಿಕ ಗುಡಿಯ ಅಡುಗೆಮನೆಗಳ ಮೇಲೆ ನಿಗಾ, ಹಂಚುವ ಮುನ್ನ ಪರೀಕ್ಷೆ ಎಂಬ ಮಾತುಗಳು ಬಲವಾದವು. ಶಾಸ್ತ್ರದ ಅಡ್ಡಿ ಇದಕ್ಕಿಲ್ಲ ಎಂಬುದನ್ನು ಗಮನಿಸಬೇಕು. ನಿಷೇಧವಿರುವುದು ನಿವೇದನೆಗೆ ಮುಂಚಿನ ನಾಲಿಗೆಗೆ. ನಿವೇದನೆಯಾದ ಮೇಲೆ, ಹಂಚುವುದಕ್ಕೆ ಮೊದಲು, ಅಡುಗೆ ಮಾಡಿದವರೇ ಒಂದು ತುತ್ತು ತಿನ್ನಲು ಯಾರ ಅಪ್ಪಣೆಯೂ ಬೇಕಿಲ್ಲ. ಅಷ್ಟನ್ನು ಕಡ್ಡಾಯ ಮಾಡಿದರೆ ದೇವರಿಗೂ ಅಪಚಾರವಿಲ್ಲ, ಭಕ್ತರಿಗೂ ಅಪಾಯವಿಲ್ಲ.

ರುಚಿ ನೋಡದೆ ಅಡುವ ಈ ಇಕ್ಕಟ್ಟಿನ ಚಿಕ್ಕ ರೂಪ ಮನೆಗಳಲ್ಲಿ ರಾಮನವಮಿಗೆ ಕಾಣಸಿಗುತ್ತದೆ. ನೆನೆದ ಹೆಸರುಬೇಳೆ, ಸೌತೆಕಾಯಿ, ಕಾಯಿತುರಿ, ಒಗ್ಗರಣೆ ಆರಿದ ಮೇಲೆ ನಿಂಬೆರಸ. ಮೊದಲೇ ಉಪ್ಪು ಬಿದ್ದರೆ ಸೌತೆಕಾಯಿ ನೀರು ಬಿಟ್ಟು ಕೋಸಂಬರಿ ಸಾರಾಗುತ್ತದೆ. ಕೆಲವರು ಅಂದು ಮಾವಿನಕಾಯಿ ತುರಿಯನ್ನೂ ಹಾಕುತ್ತಾರೆ. ಪಾನಕಕ್ಕೆ ಬೆಲ್ಲ, ಏಲಕ್ಕಿ, ಮೆಣಸು. ಮಂಗಳಾರತಿ ಮುಗಿದು ಮೊದಲ ಚಮಚ ಬಾಯಿಗೆ ಹೋದ ಮೇಲೇ ಗೊತ್ತಾಗುವುದು, ಮಾವಿನಕಾಯಿ ವಿಪರೀತ ಹುಳಿಯೆಂದು. ಈಗ ಒಂದಿಷ್ಟು ಬೆಲ್ಲದ ಪುಡಿ ಉದುರಿಸಬಹುದೇ? ದೇವರು ಇದ್ದಂತೆ ಸ್ವೀಕರಿಸಿದ್ದನ್ನು ನಾವು ತಿದ್ದುವುದೇ ಎನ್ನುವ ಅತ್ತೆ, ಇನ್ನು ತಿನ್ನುವವರು ನಾವೇ ಅಲ್ಲವೇ ಎನ್ನುವ ಸೊಸೆ, ಇಬ್ಬರ ಕಡೆಗೂ ನ್ಯಾಯವಿದೆ. ಈ ಜಗಳಕ್ಕೆ ಬಾಳೆಲೆಯಲ್ಲಿ ಹಳೆಯದೊಂದು ಏರ್ಪಾಡಿದೆ: ಬಡಿಸುವಾಗ ಎಲೆಯ ಮೇಲ್ತುದಿಗೆ ಉಪ್ಪು, ಪಕ್ಕದಲ್ಲಿ ಉಪ್ಪಿನಕಾಯಿ, ಕೋಸಂಬರಿ. ಬೇಕಾದವರು ಬೆರಳಲ್ಲಿ ಉಪ್ಪು ಸೇರಿಸಿಕೊಳ್ಳಬಹುದು, ಪಾತ್ರೆಯಲ್ಲಿರುವುದನ್ನು ಯಾರೂ ಮುಟ್ಟುವುದಿಲ್ಲ. ಬೆಲ್ಲದ ಪುಡಿಗೆ ಮಾತ್ರ ಎಲೆಯ ಮೇಲೆ ಇನ್ನೂ ಜಾಗ ಗೊತ್ತಾಗಿಲ್ಲ, ಹಾಗಾಗಿ ಆ ವಾದ ಪ್ರತಿ ಚೈತ್ರದಲ್ಲೂ ನಡೆಯುತ್ತಲೇ ಇದೆ.