ಊರು ಬಿಡದೆ ಲೋಕವನ್ನು ಅರಿಯುವುದು

ಬೇಸಿಗೆ ರಜೆ ಬಂತೆಂದರೆ ಮನೆಮನೆಯಲ್ಲೂ ಮಕ್ಕಳ ಪ್ರಶ್ನೆ ಒಂದೇ: "ಈ ಸಲ ಎಲ್ಲಿಗೆ ಹೋಗೋಣ?" ಕೈಯಲ್ಲಿ ಹಣವಿದ್ದವರು ದುಬೈಗೋ ಮಲೇಷ್ಯಾಕ್ಕೋ ಹೋಗುತ್ತಾರೆ. ಇಲ್ಲದವರು ಮೊಬೈಲಿನ ಪರದೆಯಲ್ಲಿ ದೇಶ ದೇಶಗಳನ್ನು ತೋರಿಸಿ ಮಕ್ಕಳನ್ನು ಸಮಾಧಾನಪಡಿಸುತ್ತಾರೆ. ಲೋಕವನ್ನು ಕಾಣುವುದು ಹಣವಂತರ ಭಾಗ್ಯ ಎಂಬ ಭಾವನೆ ಹೀಗೆ ಎಳೆಯ ಮನಸ್ಸಿನಲ್ಲಿ ಬೇರೂರುತ್ತದೆ.

ಆದರೆ ಸ್ವಲ್ಪ ಯೋಚಿಸಿ ನೋಡಿ. ಕಂಡದ್ದೆಲ್ಲಾ ಅರಿತದ್ದಾಗುವುದೇ? ಕೊಲ್ಲಿ ರಾಷ್ಟ್ರದಲ್ಲಿ ಇಪ್ಪತ್ತು ವರ್ಷ ದುಡಿದು ಬಂದವನಿಗೆ, ಒಂದೇ ಕೋಣೆಯಲ್ಲಿ ಮಲಗುತ್ತಿದ್ದ ನೇಪಾಳಿಯ ಮಕ್ಕಳೆಷ್ಟು ಎಂಬುದು ಗೊತ್ತಿಲ್ಲದಿರಬಹುದು. ತಾಲೂಕಿನ ಗಡಿ ದಾಟದ ಮುದುಕಿಯೊಬ್ಬಳು ತನ್ನ ಜಗಲಿಗೆ ಬಂದ ಬಳೆಗಾರನಿಂದ, ಬುಟ್ಟಿ ಹೆಣೆಯುವವಳಿಂದ ಹತ್ತು ಊರಿನ ಸುಖದುಃಖ ತಿಳಿದಿರಬಹುದು. ಅಂದಮೇಲೆ ಅರಿವು ದೂರವನ್ನು ಅವಲಂಬಿಸಿದ್ದಲ್ಲ. ಹಾಗಾದರೆ ಇನ್ನೊಂದು ಜನಾಂಗವನ್ನು ಅರಿಯುವುದೆಂದರೆ ಏನು?

ಪವಿತ್ರ ಕುರ್‌ಆನ್‌ನ ಸೂರಃ ಅಲ್ ಹುಜುರಾತ್ ಈ ಪ್ರಶ್ನೆಗೆ ನೇರವಾಗಿ ಸಂಬಂಧಿಸಿದೆ. ಮಾನವರನ್ನು ಜನಾಂಗಗಳಾಗಿ, ಗೋತ್ರಗಳಾಗಿ ಮಾಡಿರುವುದು ಪರಸ್ಪರ ಪರಿಚಯಕ್ಕಾಗಿ ಎಂದು ಅದರ 13ನೇ ವಚನ ತಿಳಿಸುತ್ತದೆ. ಆ ವಚನವನ್ನು ನಾವು ವೇದಿಕೆಗಳಲ್ಲಿ ಪದೇ ಪದೇ ಕೇಳುತ್ತೇವೆ. ಆದರೆ ಅದಕ್ಕಿಂತ ಮುಂಚಿನ ಎರಡು ವಚನಗಳತ್ತ ಗಮನ ಹರಿಸುವವರು ಕಡಿಮೆ. ಒಂದು ಜನ ಇನ್ನೊಂದು ಜನವನ್ನು ಗೇಲಿ ಮಾಡುವುದು, ಅಡ್ಡಹೆಸರಿಟ್ಟು ಕರೆಯುವುದು, ಗುಮಾನಿಪಡುವುದು, ಇತರರ ಗುಟ್ಟು ಕೆದಕುವುದು, ಬೆನ್ನ ಹಿಂದೆ ಆಡಿಕೊಳ್ಳುವುದು ಇವೆಲ್ಲವನ್ನೂ ಅಲ್ಲಿ ನಿಷೇಧಿಸಲಾಗಿದೆ. ಪರಿಚಯದ ಮಾತು ಬರುವುದು ಆ ನಂತರ. ಈ ಕ್ರಮದಲ್ಲೇ ನಮಗೊಂದು ಪಾಠವಿದೆ. ಅಪಹಾಸ್ಯ ಮತ್ತು ಸಂಶಯ ತುಂಬಿದ ಮನದಲ್ಲಿ ಪರಿಚಯಕ್ಕೆ ಜಾಗವಿಲ್ಲ. ಮೊದಲು ಮನೆ ಗುಡಿಸಬೇಕು, ಆಮೇಲೆ ಅತಿಥಿಯನ್ನು ಕರೆಯಬೇಕು.

ಪ್ರವಾದಿವರ್ಯರ(ಸ) ಜೀವನದಲ್ಲಿ ಇದಕ್ಕೆ ಸುಂದರವಾದ ನಿದರ್ಶನವಿದೆ. ಅದೊಂದು ಈದ್ ದಿನ. ಅಬಿಸೀನಿಯದ ಜನರು ಮಸೀದಿಯ ಆವರಣದಲ್ಲಿ ಈಟಿ ಗುರಾಣಿಗಳೊಂದಿಗೆ ತಮ್ಮ ನಾಡಿನ ಆಟವಾಡುತ್ತಿದ್ದರು. ಪ್ರವಾದಿವರ್ಯರು(ಸ) ಪತ್ನಿ ಆಯಿಶಾ(ರ)ರಿಗೆ ಮರೆಯಾಗಿ ನಿಂತು ಅದನ್ನು ತೋರಿಸಿದರು. ಅವರಿಗೆ ಸಾಕೆನಿಸುವವರೆಗೂ ಹಾಗೆಯೇ ನಿಂತಿದ್ದರು. ಉಮರ್(ರ)ರು ಆಟಗಾರರನ್ನು ತಡೆಯಲು ಮುಂದಾದಾಗ ಬಿಟ್ಟುಬಿಡುವಂತೆ ಹೇಳಿದರು. ಬುಖಾರಿ ಮತ್ತು ಮುಸ್ಲಿಮ್ ಗ್ರಂಥಗಳಲ್ಲಿ ಇದು ವರದಿಯಾಗಿದೆ. ಕುಟುಂಬದೊಂದಿಗೆ, ತಮ್ಮ ಊರಿನಲ್ಲೇ, ಪರನಾಡಿನವರ ಕಲೆಯನ್ನು ಕಂಡ ಪ್ರಸಂಗವಿದು. ಯುವಪತ್ನಿಯ ಕುತೂಹಲವನ್ನು ಅವರು ಗದರಲಿಲ್ಲ, ಅವಸರಪಡಿಸಲೂ ಇಲ್ಲ.

ಆದರೆ ಮದೀನದಲ್ಲಿ ವಿಷಯ ಇಷ್ಟಕ್ಕೇ ಮುಗಿಯಲಿಲ್ಲ ಎಂಬುದನ್ನು ಮರೆಯಬಾರದು. ಅಬಿಸೀನಿಯ ಮೂಲದ ಬಿಲಾಲ್(ರ) ಆ ಊರಿಗೆ ಅಪರೂಪದ ನೋಟವಾಗಿರಲಿಲ್ಲ, ದಿನಕ್ಕೆ ಐದು ಬಾರಿ ಊರನ್ನು ಕರೆಯುವ ಧ್ವನಿಯಾಗಿದ್ದರು. ರೋಮಿನವರೆಂದು ಹೆಸರಾದ ಸುಹೈಬ್(ರ) ಅಲ್ಲಿದ್ದರು. ಪರ್ಷಿಯದ ಸಲ್ಮಾನ್(ರ) ಅಲ್ಲಿದ್ದರು. ಹಿಜರಿ 5ರಲ್ಲಿ ಶತ್ರುಸೇನೆ ಮದೀನವನ್ನು ಮುತ್ತಲು ಬಂದಾಗ ಕಂದಕ ತೋಡುವ ಉಪಾಯ ಹೇಳಿದವರು ಸಲ್ಮಾನ್(ರ). ಅರಬರಿಗೆ ಅಪರಿಚಿತವಾಗಿದ್ದ ಪರ್ಷಿಯದ ಆ ಪದ್ಧತಿ ಊರನ್ನೇ ಉಳಿಸಿತು. ಪರನಾಡಿನವನನ್ನು ನೋಡುವುದು ಒಂದು, ಸಮಾಲೋಚನೆಯಲ್ಲಿ ಪಕ್ಕ ಕೂರಿಸಿಕೊಂಡು ಅವನ ಮಾತಿಗೆ ಬೆಲೆ ಕೊಡುವುದು ಇನ್ನೊಂದು. ಪರಿಚಯ ಪೂರ್ಣವಾಗುವುದು ಎರಡನೆಯದರಲ್ಲಿ.

ಇನ್ನು ನಮ್ಮ ನಾಡಿಗೆ ಬನ್ನಿ. ಕನ್ನಡದ ಕರಾವಳಿಗೆ ಲೋಕವೇ ನಡೆದು ಬಂದಿದೆ. 12ನೇ ಶತಮಾನದಲ್ಲಿ ಟ್ಯುನೀಶಿಯ ಮೂಲದ ಯಹೂದಿ ವರ್ತಕ ಅಬ್ರಹಾಂ ಬೆನ್ ಯಿಜು ಮಂಗಳೂರಿನಲ್ಲಿ ಹಲವು ವರ್ಷ ನೆಲೆಸಿ ಏಡನ್‌ನೊಂದಿಗೆ ವ್ಯಾಪಾರ ನಡೆಸಿದ. ಅವನ ಪತ್ರಗಳು ಕೈರೋದ ಯಹೂದಿ ಮಂದಿರವೊಂದರ ಹಳೆಯ ಕಾಗದಗಳ ರಾಶಿಯಲ್ಲಿ ದೊರೆತವು. 14ನೇ ಶತಮಾನದಲ್ಲಿ ಮೊರಾಕ್ಕೊದ ಇಬ್ನ್ ಬತೂತ ಹೊನ್ನಾವರಕ್ಕೆ ಬಂದಾಗ ಬಾಲಕಿಯರ 13 ಮತ್ತು ಬಾಲಕರ 23 ಪಾಠಶಾಲೆಗಳನ್ನು ಕಂಡು ಬೆರಗಾಗಿ ಬರೆದಿಟ್ಟ. ಜರ್ಮನಿಯಿಂದ ಬಂದ ಫರ್ಡಿನೆಂಡ್ ಕಿಟ್ಟೆಲ್ ದಶಕಗಳ ಕಾಲ ನಮ್ಮ ಪದಗಳನ್ನು ಆರಿಸಿ, 1894ರಲ್ಲಿ ಕನ್ನಡ–ಇಂಗ್ಲಿಷ್ ನಿಘಂಟನ್ನು ಕೊಟ್ಟರು. ಅವರ ಧರ್ಮಪ್ರಚಾರದ ಬಗ್ಗೆ ನಮ್ಮ ಅಭಿಪ್ರಾಯ ಏನೇ ಇರಲಿ, ಪರಭಾಷೆಯೊಂದಕ್ಕೆ ತೋರಿದ ಆ ತಾಳ್ಮೆ ನಮಗೆ ಪಾಠವಾಗಬೇಕು.

ಮನೆಯೊಳಗೂ ಅಷ್ಟೆ. ಮಗು ಕೂರುವ ಕುರ್ಚಿಯ ಹೆಸರು ಅರಬಿಯದ್ದು, ಬರೆಯುವ ಕಾಗದದ ಹೆಸರು ಪಾರ್ಸಿಯದ್ದು, ಪುಸ್ತಕವಿಡುವ ಅಲಮಾರು ಪೋರ್ತುಗೀಸರದ್ದು. ಬ್ಯಾಡಗಿ ಮೆಣಸಿನಕಾಯಿಯ ಮೂಲ ಅಮೆರಿಕ ಖಂಡ. ಪಲ್ಯಕ್ಕೆ ಹೆಚ್ಚಿದ ಬಟಾಟೆ, ಸಾರಿನ ಟೊಮೆಟೊ, ತೋಟದ ಅನಾನಸು ಇವೆಲ್ಲಾ ಅಲ್ಲಿಂದಲೇ ಬಂದ ನೆಂಟರು. "ಇದು ಶುದ್ಧ ನಮ್ಮದು, ಅದು ಹೊರಗಿನದು" ಎಂದು ಗೆರೆ ಎಳೆಯುವವರು ಮೊದಲು ತಮ್ಮ ಊಟದ ತಟ್ಟೆಯನ್ನು ನೋಡಿಕೊಳ್ಳಲಿ.

ಆದರೆ ಪದ ಮತ್ತು ಪಲ್ಯ ನಮ್ಮಿಂದ ಏನನ್ನೂ ಕೇಳುವುದಿಲ್ಲ. ಮನುಷ್ಯರು ಹಾಗಲ್ಲ. ನಿಜವಾದ ಪರೀಕ್ಷೆ ಇರುವುದು ಅಲ್ಲಿ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳದ ಕಡೆ ಸಿದ್ದಿ ಜನರಿದ್ದಾರೆ. ಅವರ ಪೂರ್ವಜರು ಆಫ್ರಿಕದವರು, ಬಹುಪಾಲು ಗುಲಾಮರಾಗಿ ತರಲ್ಪಟ್ಟವರು. ಅವರಲ್ಲಿ ಹಿಂದೂಗಳು, ಕ್ರೈಸ್ತರು, ಮುಸ್ಲಿಮರು ಮೂವರೂ ಇದ್ದಾರೆ. ಹಳೆಯ ಬಟ್ಟೆಯ ತುಂಡುಗಳಿಂದ ಅಲ್ಲಿನ ಹೆಂಗಸರು ಹೊಲಿಯುವ ಕವದಿಗಳನ್ನು ಈಗ ದೂರದವರೂ ಮೆಚ್ಚಿ ಕೊಳ್ಳುತ್ತಾರೆ. ಉತ್ಸವದ ವೇದಿಕೆಯಲ್ಲಿ ಸಿದ್ದಿಯರ ಕುಣಿತಕ್ಕೆ ಚಪ್ಪಾಳೆಯೂ ಬೀಳುತ್ತದೆ. ಚಪ್ಪಾಳೆ ತಟ್ಟಿದ ಅದೇ ಕೈ ಮದುವೆಯ ಆಮಂತ್ರಣ ಪತ್ರ ಬರೆಯುವಾಗ ಎಷ್ಟು ಸಿದ್ದಿ ಮನೆಗಳ ಹೆಸರು ಬರೆಯುತ್ತದೆ? ಒಂದೇ ಸಾಲಿನಲ್ಲಿ ನಮಾಝಿಗೆ ನಿಲ್ಲುವ ನಾವು, ಸಂಬಂಧ ಬೆಳೆಸುವ ಮಾತು ಬಂದಾಗ ಬಣ್ಣ, ಕೂದಲು ನೋಡುವುದಿಲ್ಲವೇ? ಉತ್ತರವನ್ನು ಪ್ರತಿಯೊಬ್ಬರೂ ತಮ್ಮ ಎದೆಗೆ ಕೈಯಿಟ್ಟು ಹೇಳಿಕೊಳ್ಳಬೇಕು.

ಅಪರಿಚಯ ಎಲ್ಲಿಗೆ ಒಯ್ಯುತ್ತದೆ ಎಂಬುದಕ್ಕೆ 2016ರ ಜನವರಿ 31ರ ರಾತ್ರಿ ಬೆಂಗಳೂರಿನ ಹೆಸರಘಟ್ಟ ಸಮೀಪ ನಡೆದ ಘಟನೆ ಸಾಕ್ಷಿ. ಸುಡಾನಿನ ವಿದ್ಯಾರ್ಥಿಯೊಬ್ಬನ ಕಾರು ಬಡಿದು ಮಹಿಳೆಯೊಬ್ಬರು ತೀರಿಕೊಂಡರು. ಸ್ವಲ್ಪ ಹೊತ್ತಿನ ನಂತರ ಆ ದಾರಿಯಲ್ಲಿ ಬಂದ, ಅಪಘಾತಕ್ಕೆ ಯಾವ ಸಂಬಂಧವೂ ಇಲ್ಲದ ತಾಂಜಾನಿಯದ ವಿದ್ಯಾರ್ಥಿನಿಯನ್ನು ಗುಂಪು ಹಿಡಿದು ಥಳಿಸಿತು, ಬಟ್ಟೆ ಹರಿಯಿತು, ಕಾರಿಗೆ ಬೆಂಕಿ ಹಚ್ಚಿತು. ಸುಡಾನ್ ಯಾವುದು, ತಾಂಜಾನಿಯ ಯಾವುದು ಎಂದು ಆ ಗುಂಪಿಗೆ ಬೇಕಾಗಿರಲಿಲ್ಲ. ಅವರ ಕಣ್ಣಿಗೆ ಬಿದ್ದದ್ದು ಒಂದು ಬಣ್ಣ ಮಾತ್ರ. ಒಬ್ಬನ ತಪ್ಪಿಗೆ ಅವನ ಜನರನ್ನೆಲ್ಲಾ ಹೊಣೆ ಮಾಡುವ ಈ ರೋಗದ ನೋವನ್ನು ಸ್ವತಃ ಉಂಡಿರುವ ಸಮುದಾಯ ನಮ್ಮದು. ಹಾಗಿರುವಾಗ ಅದೇ ರೋಗ ನಮ್ಮ ಮಕ್ಕಳ ನಾಲಿಗೆಯಲ್ಲಿ ಅಡ್ಡಹೆಸರಾಗಿ ಮೊಳೆಯುತ್ತಿದ್ದರೆ ಸುಮ್ಮನಿರಬಹುದೇ?

"ಎಲ್ಲರ ಸಂಸ್ಕೃತಿಯನ್ನೂ ಪರಿಚಯಿಸುತ್ತಾ ಹೋದರೆ ಮಕ್ಕಳು ತಮ್ಮ ಆದರ್ಶವನ್ನೇ ಮರೆತಾರು" ಎಂದು ಅಂಜುವ ತಂದೆ ತಾಯಂದಿರಿದ್ದಾರೆ. ಈ ಅಂಜಿಕೆಯನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಆದರೆ ಅರಿಯುವುದು ಬೇರೆ, ಅನುಕರಿಸುವುದು ಬೇರೆ. ಪ್ರವಾದಿವರ್ಯರು(ಸ) ಝೈದ್ ಬಿನ್ ಸಾಬಿತ್(ರ)ರಿಗೆ ಯಹೂದಿಯರ ಲಿಪಿ ಕಲಿಯುವಂತೆ ಆದೇಶಿಸಿದ್ದರು. ಕಲಿತದ್ದರಿಂದ ಝೈದ್(ರ)ರ ವಿಶ್ವಾಸ ಸಡಿಲಗೊಳ್ಳಲಿಲ್ಲ. ಮುಂದೆ ಕುರ್‌ಆನ್ ಸಂಕಲನದ ಮಹಾ ಹೊಣೆ ಬಿದ್ದದ್ದು ಅವರ ಹೆಗಲಿಗೇ. ಆರಾಧನೆಯಲ್ಲಿ, ಆಹಾರದಲ್ಲಿ, ಉಡುಪಿನಲ್ಲಿ ನಮಗೆ ಮೇರೆಗಳಿವೆ. ಆ ಮೇರೆಗಳನ್ನು ಕಾರಣಸಹಿತ ತಿಳಿದ ಮಗು ಯಾರ ಮನೆಯ ಹೊಸ್ತಿಲಲ್ಲೂ ತಡವರಿಸುವುದಿಲ್ಲ. ತಡವರಿಸುವುದು ತನ್ನ ಮನೆಯನ್ನೇ ಅರಿಯದ ಮಗು.

ಹಾಗಾದರೆ ಏನು ಮಾಡಬಹುದು? ವಾರಕ್ಕೊಂದು ಸಂಜೆ, ಮಗ್ರಿಬ್ ಬಳಿಕ, ಭೂಪಟ ಹಾಸಿ ಕೂರಿ. ಅಂದು ಅಡುಗೆಗೆ ಬಳಸಿದ ಒಂದು ವಸ್ತು, ಅಂದು ಆಡಿದ ಒಂದು ಪದ ಎಲ್ಲಿಂದ ಬಂತೆಂದು ಮಕ್ಕಳೇ ಹುಡುಕಲಿ. ಮೈಸೂರು ಜಿಲ್ಲೆಯವರಾದರೆ ಬೈಲಕುಪ್ಪೆಗೆ ಹೋಗಿ. ಅಲ್ಲಿನ ಗುಡಿಯ ಚಿನ್ನದ ಬಣ್ಣವನ್ನಷ್ಟೇ ನೋಡಿ ಮರಳಬೇಡಿ, ಅಂಗಡಿಯ ಅಜ್ಜನೊಂದಿಗೆ ಮಾತಾಡಿ. ಮನೆ ಮಠ ಕಳೆದುಕೊಂಡ ಟಿಬೆಟಿನ ಜನ 1961ರ ಸುಮಾರಿಗೆ ಅಲ್ಲಿ ಕಾಡು ಕಡಿದು ಬದುಕು ಕಟ್ಟಿದ ಕಥೆ ಮಕ್ಕಳಿಗೆ ತಿಳಿಯಲಿ. ಕಾಫಿ ತೋಟದಲ್ಲಿ, ಕಟ್ಟಡದ ಕೆಲಸದಲ್ಲಿ ಅಸ್ಸಾಮಿನವರು, ಒಡಿಶಾದವರು, ಬಿಹಾರದವರು ದುಡಿಯುತ್ತಿದ್ದಾರೆ. ಅವರಲ್ಲೊಬ್ಬರನ್ನು ಒಂದು ದಿನ ಊಟಕ್ಕೆ ಕರೆಯಿರಿ. ಅವರ ಊರಿನಲ್ಲಿ ಅನ್ನಕ್ಕೆ ಏನೆನ್ನುತ್ತಾರೆ, ಮಳೆಗಾಲ ಹೇಗಿರುತ್ತದೆ, ಮನೆಯಲ್ಲಿ ಯಾರು ಕಾಯುತ್ತಿದ್ದಾರೆ ಎಂದು ಮಕ್ಕಳು ಕೇಳಲಿ.

ಆದರೆ ಕರೆಯುವ ಮುಂಚೆ ಅವರ ಕೂಲಿ ಬಾಕಿ ಇದೆಯೇ ನೋಡಿಕೊಳ್ಳಿ. ದುಡಿದವನ ಬೆವರಾರುವ ಮೊದಲು ಕೂಲಿ ಕೊಡಬೇಕೆಂಬುದು ಪ್ರವಾದಿವರ್ಯರ(ಸ) ಬೋಧನೆ. ಹಕ್ಕನ್ನು ತಡೆಹಿಡಿದು ಹಾಡನ್ನು ಕೇಳುವುದು ಪರಿಚಯವಲ್ಲ. ನಾವು ಬಾಯಲ್ಲಿ ಹೇಳುವ ಭೂಗೋಳಕ್ಕಿಂತ, ಅಪರಿಚಿತನೊಬ್ಬನಿಗೆ ನಾವು ಹೇಗೆ ಹಣ ಎಣಿಸಿಕೊಡುತ್ತೇವೆ, ಯಾವ ತಟ್ಟೆಯಲ್ಲಿ ಬಡಿಸುತ್ತೇವೆ, ಅವನು ಹೋದ ಮೇಲೆ ಏನು ಮಾತಾಡುತ್ತೇವೆ ಎಂಬುದನ್ನು ಮಕ್ಕಳು ಹೆಚ್ಚು ಗಮನಿಸುತ್ತಾರೆ.

ಈ ರಜೆಯಲ್ಲಿ ನಿಮ್ಮ ಬೀದಿಯಿಂದಲೇ ಇದನ್ನು ಆರಂಭಿಸಿ ನೋಡಿ. ಪರಸ್ಪರ ಅರಿಯುವ, ಅರಿತು ಗೌರವಿಸುವ ಸೌಭಾಗ್ಯವನ್ನು ಅಲ್ಲಾಹನು ನಮಗೂ ನಮ್ಮ ಮಕ್ಕಳಿಗೂ ಕರುಣಿಸಲಿ.