ಅಲೆ ತಡೆಯುವ ದ್ವೀಪ



ಬೇಸಿಗೆ ರಜೆ ಬಂತೆಂದರೆ ರಾಜಾಜಿನಗರ, ವಿಜಯನಗರ, ಕೆಂಗೇರಿಯ ಮನೆಗಳಲ್ಲಿ ಮಕ್ಕಳದು ಒಂದೇ ಹಠ: "ಸಮುದ್ರ ತೋರಿಸಿ." ನಮ್ಮ ಧರ್ಮಕೇಂದ್ರದ ಒಂದು ಕುಟುಂಬವೂ ಹೀಗೆಯೇ ಕಾರವಾರಕ್ಕೆ ಹೋಗಿಬಂತು. ಅವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ.

ಕಾರವಾರದ ಕಡಲತೀರಕ್ಕೆ ಕವಿ ರವೀಂದ್ರನಾಥ ಟಾಗೋರರ ಹೆಸರಿದೆ. ತರುಣರಾಗಿದ್ದಾಗ ಅವರು ಅಲ್ಲಿ ನ್ಯಾಯಾಧೀಶರಾಗಿದ್ದ ತಮ್ಮ ಅಣ್ಣನ ಮನೆಯಲ್ಲಿ ತಂಗಿದ್ದರು. ಉತ್ತರದಲ್ಲಿ ಕಾಳಿ ನದಿ ಸಮುದ್ರ ಸೇರುತ್ತದೆ. ದಕ್ಷಿಣದಲ್ಲಿ ಬಂದರಿನ ಬಳಿ ಕಡಲಿಗೆ ಚಾಚಿದ ಗುಡ್ಡ. ಎದುರಿಗೆ ಕೂರ್ಮಗಡ, ದೇವಗಡ ದ್ವೀಪಗಳು. ಮಳೆಗಾಲ ಬಿಟ್ಟರೆ ಅಲ್ಲಿಯ ನೀರು ಸೌಮ್ಯ.

"ಅಪ್ಪಾ, ಇಲ್ಲಿ ಅಲೆ ಯಾಕೆ ಚಿಕ್ಕದು?" ಎಂದಳು ಕಿರಿಯ ಮಗಳು. ಬಲೆ ಬಿಡಿಸುತ್ತಿದ್ದ ಮೀನುಗಾರರೊಬ್ಬರು ದ್ವೀಪದತ್ತ ಕೈ ತೋರಿಸಿ, "ದೊಡ್ಡ ಅಲೆ ಅಲ್ಲೇ ಒಡೆಯುತ್ತೆ ಮಗಾ, ಇಲ್ಲಿಗೆ ಬರೋದು ಮಿಕ್ಕಿದ್ದು" ಎಂದರು.

ತಂದೆಯ ಕಣ್ಣು ತುಂಬಿತು. ಕಾರ್ಖಾನೆಯ ಕೆಲಸ ಹೋಗಿ ಮೂರು ತಿಂಗಳಾಗಿತ್ತು. ಮನೆಯಲ್ಲಿ ಹೇಳಿರಲಿಲ್ಲ. ದಿನವೂ ಊಟದ ಡಬ್ಬಿ ಹಿಡಿದು ಹೊರಟು, ಪಾರ್ಕಿನಲ್ಲಿ ಕುಳಿತು, ಸಂಜೆ ಮರಳುತ್ತಿದ್ದರು. ಈ ಪ್ರವಾಸಕ್ಕೂ ಸಾಲ ಮಾಡಿದ್ದರು. ಭಾನುವಾರದ ಬಲಿಪೂಜೆಗೂ ಬರುತ್ತಿರಲಿಲ್ಲ. ಸೋಮಾರಿತನವೆಂದು ನಾನು ತಿಳಿದಿದ್ದೆ, ಹೋಗಿ ವಿಚಾರಿಸಲಿಲ್ಲ. ಅದು ನನ್ನ ತಪ್ಪು.

ಅಂದು ಮರಳಿನ ಮೇಲೆ ಕುಳಿತು ಹೆಂಡತಿಗೆ ಎಲ್ಲವನ್ನೂ ಹೇಳಿದರು. ಆಕೆಯ ಉತ್ತರ: "ನಿಮ್ಮ ಶರ್ಟಿನ ಮೇಲೆ ಎಣ್ಣೆ ಕಲೆ ಕಂಡು ಮೂರು ತಿಂಗಳಾಯ್ತು. ನೀವೇ ಹೇಳಲಿ ಅಂತ ಕಾಯ್ತಿದ್ದೆ."

ಪ್ರಿಯರೇ, ಆತ ತನ್ನ ಮನೆಗೆ ದ್ವೀಪವಾಗಲು ಬಯಸಿದ. ಬಯಕೆ ಒಳ್ಳೆಯದೇ. ಆದರೆ ದ್ವೀಪ ಬಚ್ಚಿಟ್ಟುಕೊಳ್ಳುವುದಿಲ್ಲ. ದೇವಗಡದ ಮೇಲೆ ದೀಪಸ್ತಂಭವಿದೆ. ನೀರೊಳಗೆ ಅಡಗಿದ ಬಂಡೆಗೆ ದೋಣಿಗಳು ಬಡಿಯುತ್ತವೆ. ಮೌನವೂ ಅಂಥದೇ ಬಂಡೆ. ನೋವನ್ನು ಮುಚ್ಚಿಟ್ಟು ಮನೆಯನ್ನು ಕಾಯಲಾಗದು.

ಸಂತ ಪೌಲರ ಹಡಗು ಬಿರುಗಾಳಿಗೆ ಸಿಕ್ಕ ಪ್ರಸಂಗವನ್ನು ಪ್ರೇಷಿತರ ಕಾರ್ಯಕಲಾಪಗಳ 27ನೇ ಅಧ್ಯಾಯದಲ್ಲಿ ಓದಿರಿ. ಹಡಗಿನಲ್ಲಿದ್ದವರು 276 ಮಂದಿ. ಹದಿನಾಲ್ಕು ದಿನ ನೆಲ ಕಾಣಲಿಲ್ಲ. ಪೌಲರು ಅಪಾಯವನ್ನು ಯಾರಿಂದಲೂ ಮುಚ್ಚಿಡಲಿಲ್ಲ: ಹಡಗು ಹೋಗುತ್ತದೆ, ಜೀವ ಉಳಿಯುತ್ತದೆ ಎಂದು ಮೊದಲೇ ತಿಳಿಸಿದರು. ಎಲ್ಲರೆದುರು ರೊಟ್ಟಿ ತೆಗೆದುಕೊಂಡು, ದೇವರಿಗೆ ಸ್ತೋತ್ರ ಸಲ್ಲಿಸಿ, ಮುರಿದು ಉಂಡರು. ಕೊನೆಗೆ ಮಾಲ್ಟಾ ದ್ವೀಪದ ಕೊಲ್ಲಿಯೊಂದರ ಬಳಿ ಹಡಗು ಒಡೆಯಿತು. ಈಜು ಬಲ್ಲವರು ಈಜಿದರು; ಉಳಿದವರು ಹಲಗೆ ಹಿಡಿದು ದಡ ಸೇರಿದರು. ಒಬ್ಬರೂ ಸಾಯಲಿಲ್ಲ.

ಕೆಲಸ ಹಡಗು, ಮನೆಯವರು ಜೀವ. ಹಡಗು ಒಡೆದರೂ ದಡ ಸೇರಬಹುದು, ಒಬ್ಬರಿಗೊಬ್ಬರು ಹಲಗೆಯಾದರೆ.

ಆ ಮನೆಯಲ್ಲಿ ಸಾಲ ಇನ್ನೂ ತೀರಿಲ್ಲ. ಹೆಂಡತಿ ಹೊಲಿಗೆ ಹಿಡಿದಿದ್ದಾರೆ. ಆತ ಕಡಿಮೆ ಸಂಬಳದ ಕೆಲಸಕ್ಕೆ ಸೇರಿದ್ದಾರೆ. ಆದರೆ ಈಗ ನಾಲ್ವರೂ ಒಟ್ಟಿಗೆ ಬಲಿಪೂಜೆಗೆ ಬರುತ್ತಾರೆ.

ಈ ವಾರ ಒಂದು ಸಂಜೆ ಜಪಸರ ಮುಗಿದ ಮೇಲೆ ಟಿವಿ ಹಚ್ಚಬೇಡಿ. "ನಿಮ್ಮ ಮನಸ್ಸಿನಲ್ಲಿ ಏನಿದೆ?" ಎಂದು ಒಬ್ಬರನ್ನೊಬ್ಬರು ಕೇಳಿ. ಉತ್ತರ ಬಂದಾಗ ಬೈಯಬೇಡಿ, ಕೇಳಿಸಿಕೊಳ್ಳಿ. ಬಿರುಗಾಳಿಯನ್ನು ಗದರಿಸಿ ಶಾಂತಗೊಳಿಸಿದ ಪ್ರಭು ನಿಮ್ಮ ಮನೆಯ ದೋಣಿಯಲ್ಲೂ ಇದ್ದಾರೆ. ಆಮೆನ್.